ಕೊನೆ ಭಾಗದಿಂದ ನೋಡವ್ವ

ಕೆಲಸ ಸಿಕ್ಕಿದ್ದು ಬಹಳ ಸಂತೋಷ ಕಣವ್ವ. ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ವಿಮಾನ ಸಂಸ್ಥೆಗಳ ಕಂಪ್ಯೂಟರ್ ಕಾಯುವ ಕಂಪನಿ ಸೇರಿದ್ದೀಯ. ಊರಲ್ಲಿ ಎದುರಾದವರು ‘ಮೊಮ್ಮಗಳು ವಿಮಾನ ಓಡಿಸ್ತಾಳಂತೆ?’ ಅಂತ ಕೇಳ್ತಾರೆ. ‘ಓಡಿಸೋದಲ್ಲ, ಓಡೋದು ನಿಲ್ಲದ ಹಾಗೆ ನೋಡ್ಕೋತಾಳೆ’ ಅಂದರೆ ಅವರಿಗೆ ಅಷ್ಟಕ್ಕೇ ಸಮಾಧಾನ. ನಿನಗೆ ಅಷ್ಟು ಸಾಲದು. ಸಂಬಳದ ಜೊತೆಗೆ ಜವಾಬ್ದಾರಿಯೂ ಮನೆಗೆ ಬರುತ್ತದೆ. ಅದಕ್ಕೇ ತಾತನ ಈ ನಾಲ್ಕು ಮಾತು.

ನೀನು ಬರೆಯುವ ಪ್ರೋಗ್ರಾಂ ನನಗೆ ಓದಲು ಬಾರದು. ನನಗೆ ಗೊತ್ತಿರುವುದು ತಂತಿ. ದೂರವಾಣಿ ಇಲಾಖೆಯಲ್ಲಿದ್ದಷ್ಟು ಕಾಲವೂ ಮದ್ದೂರು, ಮಳವಳ್ಳಿ ಸೀಮೆಯ ರಸ್ತೆ ಬದಿಯ ಗುಂಡಿಗಳಲ್ಲಿ ಕೂತು ಕೇಬಲ್ ಜೋಡಿಸಿದವನು ನಾನು. ಕೈಯಲ್ಲಿ ಕರೆ ಜೋಡಿಸುತ್ತಿದ್ದ ಎಕ್ಸ್‌ಚೇಂಜ್ ಕಂಡಿದ್ದೇನೆ. 1986ರಲ್ಲಿ ಕಿತ್ತೂರಿನಲ್ಲಿ ಮೊದಲು ಶುರುವಾದ ಸಿ-ಡಾಟ್ ಹಳ್ಳಿ ಎಕ್ಸ್‌ಚೇಂಜ್ ನಮ್ಮ ಕಡೆಗೂ ಬಂದದ್ದು ಕಂಡಿದ್ದೇನೆ. ಆಮೇಲೆ ಗಾಜಿನೆಳೆಯ ಕೇಬಲ್ ಬಂತು. ಯಂತ್ರಗಳೆಲ್ಲ ಬದಲಾದವು, ಕೆಟ್ಟಾಗ ಅದರ ಬಿಸಿ ಮೊದಲು ಯಾರಿಗೆ ತಟ್ಟುತ್ತದೆ ಅನ್ನುವುದು ಬದಲಾಗಲಿಲ್ಲ.

ಮಳವಳ್ಳಿಯಲ್ಲಿ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬರುತ್ತದೆ, ಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತ ಮಾತ್ರ ಕೇಳುವುದು ಒಂದೇ ಪ್ರಶ್ನೆ: ನಮ್ಮ ತೂಬಿಗೆ ನೀರು ಬಂತಾ? ಕಟ್ಟೆಯ ಲೆಕ್ಕ ಅವನಿಗೆ ಬೇಕಿಲ್ಲ ಅಂತಲ್ಲ. ನೀರು ಬಿಟ್ಟಿದ್ದೇವೆ ಅನ್ನುವುದಕ್ಕೂ ನೀರು ತಲುಪಿತು ಅನ್ನುವುದಕ್ಕೂ ನಡುವೆ ಎಷ್ಟು ಮೈಲಿ ಇದೆ ಅಂತ ಅವನಿಗೆ ಗೊತ್ತು. ಸೈಬರ್ ಭದ್ರತೆಯ ನೀತಿಯನ್ನೂ ನೀನು ಹಾಗೇ ಅಳೆಯಬೇಕು. ಕಾಗದದಲ್ಲಿ ಎಷ್ಟಿದೆ ಅಂತ ನೋಡು, ತಪ್ಪಿಲ್ಲ. ಆಮೇಲೆ ಕೊನೆ ಭಾಗಕ್ಕೆ ಹೋಗಿ ನಿಂತು, ಅಲ್ಲಿಗೆ ಎಷ್ಟು ಬಂದಿದೆ ಅಂತ ನೋಡು. ನಾನು ಹೇಳಬೇಕಾದದ್ದು ಇದಿಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕಾಗದದಲ್ಲಿ ನಮಗೆ ಕೊರತೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ 70ನೇ ಕಲಮಿನಡಿ ಸರ್ಕಾರ ಯಾವುದಾದರೂ ಕಂಪ್ಯೂಟರ್ ವ್ಯವಸ್ಥೆಯನ್ನು ಸಂರಕ್ಷಿತ ಎಂದು ಘೋಷಿಸಿದರೆ, ಅದಕ್ಕೆ ಅಕ್ರಮವಾಗಿ ಕೈ ಹಾಕಿದವನಿಗೆ ಹತ್ತು ವರ್ಷದವರೆಗೆ ಸೆರೆ. 66-ಎಫ್ ಕಲಂ ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿದೆ. ವಿದ್ಯುತ್, ಬ್ಯಾಂಕು, ದೂರಸಂಪರ್ಕ, ಸಾರಿಗೆಯಂಥ ದೇಶದ ಬೆನ್ನೆಲುಬಿನ ವ್ಯವಸ್ಥೆಗಳನ್ನು ಕಾಯಲು 2014ರಲ್ಲಿ ಎನ್‌ಸಿಐಐಪಿಸಿ ಎಂಬ ಕೇಂದ್ರ ಬಂತು. ದಾಳಿ ನಡೆದಾಗ ವರದಿ ಪಡೆದು ದಾರಿ ತೋರಿಸಲು ಸರ್ಟ್-ಇನ್ 2004ರಿಂದಲೇ ಇದೆ. ವಿಮಾನಗಳ ಸುರಕ್ಷತೆಗೆ ಡಿಜಿಸಿಎ, ನಿಲ್ದಾಣಗಳ ಭದ್ರತೆಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. 1934ರ ಹಳೆಯ ವಿಮಾನ ಕಾಯ್ದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ನಡೆಯುತ್ತಿದೆ. ನಮ್ಮ ರಾಜ್ಯವೂ 2024ರ ಆಗಸ್ಟ್ 1ರಂದು ಐದು ವರ್ಷದ ಸೈಬರ್ ಭದ್ರತಾ ನೀತಿ ಬಿಡುಗಡೆ ಮಾಡಿತು. ಅದರ ಒಂದು ಭಾಗ ಜನರು, ಕಾಲೇಜುಗಳು, ಉದ್ಯಮಗಳಿಗಾಗಿ. ಇನ್ನೊಂದು ಸರ್ಕಾರದ ಸ್ವಂತ ಕಂಪ್ಯೂಟರುಗಳಿಗಾಗಿ. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗಳಿವೆ, ಮಂಡ್ಯದಲ್ಲೂ ಇದೆ. 2025ರಲ್ಲಿ ಇವೆಲ್ಲದರ ಮೇಲೆ ರಾಜ್ಯಕ್ಕೊಂದು ಸೈಬರ್ ಕಮಾಂಡ್ ಘಟಕವೂ ಬಂತು.

ಇವನ್ನೆಲ್ಲ ಓದಿಕೋ. ಕೆಲಸದಲ್ಲಿ ಇರುವವಳು ತನ್ನ ಮೇಲಿರುವ ಕಾನೂನು ತಿಳಿಯದೆ ಇರಬಾರದು. ಓದಿದ ಮೇಲೆ 2024ರ ಜುಲೈ 19ರ ಶುಕ್ರವಾರ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಏನಾಯಿತು ಅನ್ನುವುದನ್ನೂ ಓದು.

ಆ ದಿನ ಯಾವ ಶತ್ರುವೂ ಬಂದಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ, ಅದೂ ಕಂಪ್ಯೂಟರುಗಳನ್ನು ದಾಳಿಯಿಂದ ಕಾಯುವುದೇ ಕೆಲಸವಾಗಿರುವ ಕಂಪನಿ, ನಮ್ಮ ಸಮಯ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ದೋಷವಿದ್ದ ಅಪ್‌ಡೇಟ್ ಕಳಿಸಿತು. 10.57ಕ್ಕೆ ಅದನ್ನು ಹಿಂದಕ್ಕೆ ಪಡೆಯಿತು. ಒಂದೂಕಾಲು ಗಂಟೆಯ ಆ ಅಂತರದಲ್ಲಿ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ಬೆಂಗಳೂರಿನ ಒಂದನೇ ಟರ್ಮಿನಲ್‌ನಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್, ಎರಡನೇ ಟರ್ಮಿನಲ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗಳ ಚೆಕ್-ಇನ್ ಕೆಟ್ಟು ಸಾಲುಗಳು ಬೆಳೆದವು. ಹೈದರಾಬಾದಿನಲ್ಲಿ ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸಿನ ಫೋಟೊ ಎಲ್ಲರ ಮೊಬೈಲಿಗೂ ಬಂತು. ಇಂಡಿಗೊ ಒಂದೇ ಸುಮಾರು 200 ಹಾರಾಟ ರದ್ದು ಮಾಡಬೇಕಾಯಿತು. ತಪ್ಪನ್ನು ಹಿಂದಕ್ಕೆ ಪಡೆದದ್ದು ಬೇಗ, ಸರಿಪಡಿಸುವುದು ಬೇಗ ಆಗಲಿಲ್ಲ. ಮಲಗಿದ ಕಂಪ್ಯೂಟರುಗಳಲ್ಲಿ ಬಹುಪಾಲನ್ನು ಒಂದೊಂದಾಗಿ ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆ ಕೆಟ್ಟ ಫೈಲನ್ನು ಕೈಯಾರೆ ಅಳಿಸಬೇಕಾಗಿತ್ತು.

ಇದರಿಂದ ನೀನು ಎರಡು ಸಂಗತಿ ಕಲಿತುಕೋ. ಹೊಸ ಅಪ್‌ಡೇಟ್ ಯಾವುದೇ ಇರಲಿ, ಯಾರೇ ಕಳಿಸಲಿ, ಮೊದಲು ಹತ್ತು ಮಿಷನ್‌ಗಳಿಗೆ ಹಾಕು, ಕಾದು ನೋಡು, ಆಮೇಲೆ ನೂರಕ್ಕೆ, ಆಮೇಲೆ ಉಳಿದವಕ್ಕೆ. ‘ಎಲ್ಲಕ್ಕೂ ಒಟ್ಟಿಗೇ ಹಾಕಿಬಿಡಿ, ಟೈಮಿಲ್ಲ’ ಅನ್ನುವ ಮೇಲಧಿಕಾರಿ ಸಿಕ್ಕೇ ಸಿಗುತ್ತಾನೆ. ಅವನಿಗೆ ಈ ಜುಲೈ 19ರ ಕತೆ ಹೇಳು. ಎರಡನೆಯದು ಇದಕ್ಕಿಂತ ಮುಖ್ಯ. ಅವತ್ತು ಪ್ರಯಾಣಿಕರನ್ನು ವಿಮಾನ ಹತ್ತಿಸಿದ್ದು ಕಾಗದ ಮತ್ತು ಪೆನ್ನು. ಆ ಕಾಗದದ ಪುಸ್ತಕ ಕೌಂಟರಿನ ಡ್ರಾಯರಿನಲ್ಲಿ ಇತ್ತೇ, ಅದನ್ನು ಬರೆಯಲು ಆ ಹುಡುಗ ಹುಡುಗಿಯರಿಗೆ ಯಾರಾದರೂ ಕಲಿಸಿದ್ದರೇ ಅನ್ನುವುದರ ಮೇಲೆ ಸಾಲು ಎಷ್ಟು ಬೇಗ ಕರಗುತ್ತದೆ ಅನ್ನುವುದು ನಿಂತಿರುತ್ತದೆ. ನಿಮ್ಮ ಕಂಪನಿಯ ನೀತಿಯಲ್ಲಿ ‘ತುರ್ತು ಪರ್ಯಾಯ ವ್ಯವಸ್ಥೆ’ ಅಂತ ಒಂದು ಅಧ್ಯಾಯ ಇದ್ದೇ ಇರುತ್ತದೆ. ಆ ಅಧ್ಯಾಯ ರಾತ್ರಿ ಪಾಳಿಯ ಕೌಂಟರಿನವರ ಕೈಗೆ ತಲುಪಿದೆಯೇ ಅಂತ ಖುದ್ದಾಗಿ ಹೋಗಿ ಕೇಳು. ವರ್ಷಕ್ಕೆರಡು ಸಲ ಕಂಪ್ಯೂಟರ್ ಆಫ್ ಮಾಡಿ ಅಭ್ಯಾಸ ಮಾಡಿಸಿ ಅಂತ ಬರೆದು ಕೊಡು. ನಕ್ಕರೆ ನಗಲಿ.

ಇನ್ನೊಂದು ಸಂಗತಿ, ಹೊರಗಿನವರ ಬಾಗಿಲು. ಈಗಿನ ಯಾವ ವಿಮಾನ ಸಂಸ್ಥೆಯೂ ತನ್ನ ಎಲ್ಲ ಕೆಲಸ ತಾನೇ ಮಾಡುವುದಿಲ್ಲ. ಟಿಕೆಟ್ ವ್ಯವಸ್ಥೆ ಒಬ್ಬರದು, ಚೆಕ್-ಇನ್ ಇನ್ನೊಬ್ಬರದು, ಲಗೇಜಿನದು ಮತ್ತೊಬ್ಬರದು. ಏರ್ ಇಂಡಿಯಾದ ಪ್ರಯಾಣಿಕರ ಮಾಹಿತಿ ನೋಡಿಕೊಳ್ಳುತ್ತಿದ್ದದ್ದು ಸೀಟಾ ಎಂಬ ಹೊರಗಿನ ಸಂಸ್ಥೆ. ಅದರ ಮೇಲೆ ದಾಳಿಯಾಗಿ 45 ಲಕ್ಷ ಪ್ರಯಾಣಿಕರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ, ಕೆಲವರ ಕ್ರೆಡಿಟ್ ಕಾರ್ಡ್ ಸಂಖ್ಯೆ ಹೊರಗೆ ಹೋಯಿತು. ಅಷ್ಟೂ 2011ರ ಆಗಸ್ಟ್‌ನಿಂದ 2021ರ ಫೆಬ್ರುವರಿವರೆಗೆ ನೋಂದಾಯಿಸಿದ ಮಾಹಿತಿ. ಏರ್ ಇಂಡಿಯಾಗೆ ಮೊದಲ ಸುದ್ದಿ ಬಂದದ್ದು 2021ರ ಫೆಬ್ರುವರಿ 25ಕ್ಕೆ. ಯಾರ್‍ಯಾರ ಮಾಹಿತಿ ಹೋಗಿದೆ ಅನ್ನುವ ಪಟ್ಟಿ ಸೀಟಾದಿಂದ ಸಿಕ್ಕಿದ್ದು ಮಾರ್ಚ್ 25ಕ್ಕೆ ಮತ್ತು ಏಪ್ರಿಲ್ 5ಕ್ಕೆ. ವಿವರವಾದ ಪತ್ರ ಪ್ರಯಾಣಿಕರ ಕೈ ಸೇರುವ ಹೊತ್ತಿಗೆ ಮೇ ತಿಂಗಳು. ಕೊನೆ ಭಾಗದವರಿಗೆ ಸುದ್ದಿ ಮುಟ್ಟಲು ಮೂರು ತಿಂಗಳು ಹಿಡಿಯಿತು. ಕಾರ್ಡ್ ಬದಲಿಸಬೇಕಾಗಿದ್ದವರು ಅವರು, ಪಾಸ್‌ವರ್ಡ್ ಬದಲಿಸಬೇಕಾಗಿದ್ದವರೂ ಅವರೇ.

2025ರ ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲೂ ಇದೇ ಆಯಿತು. ಕಾಲಿನ್ಸ್ ಏರೋಸ್ಪೇಸ್ ಎಂಬ ಕಂಪನಿಯ ಚೆಕ್-ಇನ್ ತಂತ್ರಾಂಶಕ್ಕೆ, ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್ ಹೊಡೆಯಿತು. ಕೆಟ್ಟದ್ದು ಒಂದು ಕಂಪನಿ. ಪರದಾಡಿದ್ದು ಲಂಡನ್ನಿನ ಹೀಥ್ರೂ, ಬ್ರಸೆಲ್ಸ್, ಬರ್ಲಿನ್ ನಿಲ್ದಾಣಗಳು. ಈಗ ಹೇಳು, ನೀನು ಸೇರಿರುವುದು ಇಂಥದೇ ಒಂದು ಹೊರಗಿನ ಕಂಪನಿ ತಾನೆ? ಹಾಗಾದರೆ ಆ ಬಾಗಿಲು ನಿಮ್ಮದೇ. ನಿಮ್ಮಲ್ಲಿ ಒಬ್ಬನ ಪಾಸ್‌ವರ್ಡ್ ಸಡಿಲವಾದರೆ ಯಾವುದೋ ದೇಶದ ನಿಲ್ದಾಣದಲ್ಲಿ ಕೂಸು ಎತ್ತಿಕೊಂಡ ತಾಯಿ ರಾತ್ರಿಯೆಲ್ಲ ನೆಲದ ಮೇಲೆ ಮಲಗಬೇಕಾಗುತ್ತದೆ. ಬೇಡದ ಮಾಹಿತಿ ಹತ್ತು ವರ್ಷ ಇಟ್ಟುಕೊಳ್ಳಬೇಡಿ ಅಂತ ಹೇಳುವ ಧೈರ್ಯ ಬೆಳೆಸಿಕೋ. ಇಲ್ಲದ್ದನ್ನು ಯಾರೂ ಕದಿಯಲಾರರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮಾಹಿತಿ ಸೋರಿದರೆ ಅದರ ಧಣಿಗೆ, ಅಂದರೆ ಆ ಪ್ರಯಾಣಿಕನಿಗೆ, ತಡಮಾಡದೆ ತಿಳಿಸಬೇಕು ಅನ್ನುತ್ತದೆ ಆ ನಿಯಮ. ನಿನ್ನ ಮಾತಿಗೆ ಬೆಲೆ ಬಾರದಿದ್ದರೆ ಆ ದಂಡದ ಮೊತ್ತ ಹೇಳು, ಬೆಲೆ ಬರುತ್ತದೆ.

ಇನ್ನು ಆಕಾಶದ ವಿಚಾರ. ವಿಮಾನಕ್ಕೆ ದಾರಿ ತೋರಿಸುವ ಜಿಪಿಎಸ್ ಸಂಕೇತ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಇಳಿಯುವಷ್ಟರಲ್ಲಿ ಬಡಕಲಾಗಿರುತ್ತದೆ. ನೆಲದಿಂದ ಯಾರಾದರೂ ಅದೇ ಥರದ ಸುಳ್ಳು ಸಂಕೇತವನ್ನು ಜೋರಾಗಿ ಬಿಟ್ಟರೆ, ವಿಮಾನ ತಾನು ಇಲ್ಲದ ಕಡೆ ಇದ್ದೇನೆ ಅಂದುಕೊಳ್ಳುತ್ತದೆ. ಸ್ಪೂಫಿಂಗ್ ಅನ್ನುವುದು ಇದನ್ನೇ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಭಾಗದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಪ್ರಕರಣ ಆದವು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಗಡಿ ನಮಗೆ ದೂರ ಅಂದುಕೊಳ್ಳಬೇಡ. 2025ರ ಡಿಸೆಂಬರ್ 1ರಂದು ವಿಮಾನಯಾನ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಇಂಥ ವರದಿ ಬಂದ ನಿಲ್ದಾಣಗಳ ಪಟ್ಟಿಯಿದೆ, ಅದರಲ್ಲಿ ಬೆಂಗಳೂರೂ ಇದೆ. ದೆಹಲಿಯ ಒಂದು ರನ್‌ವೇಗೆ ಜಿಪಿಎಸ್ ನಂಬಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಸುಳ್ಳು ಸಂಕೇತ ಬಂದಾಗ, ನೆಲದ ಮೇಲಿನ ಹಳೆಯ ರೇಡಿಯೊ ಸಾಧನಗಳಿದ್ದ ಬೇರೆ ರನ್‌ವೇಗಳಲ್ಲಿ ಕೆಲಸ ನಿಲ್ಲಲಿಲ್ಲ ಅಂತಲೂ ಅದೇ ಉತ್ತರದಲ್ಲಿತ್ತು. ಉಪಗ್ರಹ ಬಂತು ಅಂತ ಹಳೆಯ ಸಾಧನಗಳನ್ನು ಪೂರ್ತಿ ಕಿತ್ತೆಸೆಯದೆ ಕನಿಷ್ಠ ಇಷ್ಟು ಉಳಿಸಿಕೊಳ್ಳಬೇಕು ಅನ್ನುವುದು ಲೋಕದೆಲ್ಲೆಡೆ ಈಗ ಒಪ್ಪಿರುವ ನೀತಿ. ನಮ್ಮ ದೇಶವೂ ಉಳಿಸಿಕೊಂಡಿದೆ.

ಈ ಕೆಲಸದಲ್ಲಿ ನಮ್ಮ ಸೀಮೆಯ ಪಾಲು ದೊಡ್ಡದು ಅನ್ನುವುದು ನಮ್ಮ ಹುಡುಗರಿಗೇ ಗೊತ್ತಿಲ್ಲ. ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. ಬೆಂಗಳೂರು ದಾರಿಯಲ್ಲಿ ಬಿಡದಿ ಸುತ್ತಿನ ಬ್ಯಾಲಾಳಿನಲ್ಲಿ ನಮ್ಮದೇ ನಾವಿಕ್ ಪಥದರ್ಶಕ ವ್ಯವಸ್ಥೆಯ ಕೇಂದ್ರ 2013ರಲ್ಲಿ ಶುರುವಾಯಿತು. ವಿಮಾನಗಳಿಗೆ ಜಿಪಿಎಸ್‌ನ ತಪ್ಪನ್ನು ತಿದ್ದಿ ಹೇಳುವ ‘ಗಗನ್’ ವ್ಯವಸ್ಥೆಯನ್ನು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದವು; ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಹಾಗಾಗಿ ಇಲ್ಲಿನ ಒಂದು ವಿದ್ಯುತ್ ತಂತಿ, ಒಂದು ಕೇಬಲ್, ಒಬ್ಬ ಕಾವಲುಗಾರ ಕೂಡ ದೇಶದ ಆಕಾಶಕ್ಕೆ ಸಂಬಂಧಪಟ್ಟವರು.

ತಂತಿಯ ಮಾತು ಬಂತಲ್ಲ, ನೆಲದ ವಿಚಾರವನ್ನೂ ಕೇಳು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆ ತಂತಿ ಹಾದುಹೋದ ಎಷ್ಟೋ ಹಳ್ಳಿಗಳಲ್ಲಿ ಬೆಳಕು ಕಂಡದ್ದು ದಶಕಗಳ ಮೇಲೆ. ದೂರದವರಿಗಾಗಿ ಇರುವ ವ್ಯವಸ್ಥೆ ನಮ್ಮ ಹೊಲದ ಮೇಲೆ ಹಾದುಹೋಗುತ್ತದೆ, ನಮಗೆ ಅದರ ಪರಿಚಯವಿರುವುದಿಲ್ಲ. ಇಂಟರ್ನೆಟ್ಟಿನ ಕತೆಯೂ ಅದೇ. ಜೆಸಿಬಿ ತಂದು ರಸ್ತೆ ಬದಿ ಅಗೆಯುವವನಿಗೆ ಕೆಳಗಿರುವ ಕೇಬಲ್ ಯಾರದು, ಅದರಲ್ಲಿ ಏನು ಹರಿಯುತ್ತಿದೆ ಅಂತ ಯಾರೂ ಹೇಳಿರುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಹೀಗೆ ಗಾಜಿನೆಳೆಯ ಕೇಬಲ್ ಕಡಿದು 3000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಅನ್ನುವುದು ಸರ್ಕಾರದ್ದೇ ಅಂದಾಜು. ಅದಕ್ಕಾಗಿ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅಂತ ಒಂದು ಆ್ಯಪ್ ಬಂತು. ಅಗೆಯುವ ಮೊದಲು ಅದರಲ್ಲಿ ತಿಳಿಸಿದರೆ ಕೇಬಲ್ ಯಾರದೋ ಅವರಿಗೆ ಸುದ್ದಿ ಹೋಗುತ್ತದೆ. ಒಳ್ಳೆಯ ನೀತಿ. ಮದ್ದೂರಿನಲ್ಲಿ ಜೆಸಿಬಿ ಓಡಿಸುವವರನ್ನು ಒಮ್ಮೆ ಕೇಳಿ ನೋಡು, ಆ ಆ್ಯಪಿನ ಹೆಸರನ್ನು ಎಷ್ಟು ಜನ ಕೇಳಿದ್ದಾರೆ ಅಂತ.

ಕಡಲೊಳಗಿನ ಕೇಬಲ್‌ಗಳೂ ಹಾಗೇ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೆಲವು ತುಂಡಾಗಿ ನಮ್ಮ ದೇಶದಲ್ಲೂ ಇಂಟರ್ನೆಟ್ ನಿಧಾನವಾಯಿತು. ಕೇಬಲ್ ಗಟ್ಟಿಯಿದ್ದರೂ ದಾರಿ ತಪ್ಪುವುದುಂಟು. 2008ರ ಫೆಬ್ರುವರಿ 24ರಂದು ಪಾಕಿಸ್ತಾನ ತನ್ನ ದೇಶದೊಳಗೆ ಯೂಟ್ಯೂಬ್ ನಿಲ್ಲಿಸಲು ಹೋಗಿ, ‘ಯೂಟ್ಯೂಬಿಗೆ ದಾರಿ ಇತ್ತ ಕಡೆ’ ಅಂತ ಲೋಕಕ್ಕೆಲ್ಲ ಸಾರಿಬಿಟ್ಟಿತು. ಉಳಿದ ಜಾಲಗಳು ನಂಬಿದವು. ಸುಮಾರು ಎರಡು ಗಂಟೆ ಎಷ್ಟೋ ದೇಶಗಳಲ್ಲಿ ಯೂಟ್ಯೂಬ್ ಮಾಯ. ದಾರಿ ಸಾರುವವನಿಗೆ ಆ ಹಕ್ಕು ಇದೆಯೇ ಅಂತ ಸಹಿ ನೋಡಿ ನಂಬುವ ಆರ್‌ಪಿಕೆಐ ಎಂಬ ಪದ್ಧತಿ ಈಗ ಇದೆ. ನಿಮ್ಮ ಕಂಪನಿಯ ಜಾಲದಲ್ಲಿ ಅದು ಚಾಲೂ ಇದೆಯೇ ಅಂತ ಮೊದಲ ತಿಂಗಳಲ್ಲೇ ವಿಚಾರಿಸು.

ನಮ್ಮ ರಾಜ್ಯದ ಕತೆ ಬೇಕಾದರೆ ಕಾವೇರಿ 2.0 ಇದೆ. ನೋಂದಣಿ ಇಲಾಖೆಯ ಈ ತಂತ್ರಾಂಶ 2025ರ ಜನವರಿ ಕೊನೆ, ಫೆಬ್ರುವರಿ ಮೊದಲಲ್ಲಿ ಮಲಗಿಬಿಟ್ಟಿತು. ಉಪ ನೋಂದಣಿ ಕಚೇರಿಗಳ ಮುಂದೆ ಜನ ಕಾದು ಕಾದು ವಾಪಸಾದರು. ನಮ್ಮವರು ಎಂದಿನಂತೆ ‘ಸರ್ವರ್ ಡೌನ್’ ಅಂದುಕೊಂಡರು. ತನಿಖೆ ಮಾಡಿದರೆ ಅದು ಡಿಡಾಸ್ ದಾಳಿ. ಸುಳ್ಳು ಖಾತೆಗಳನ್ನು ತೆರೆದು, ಇ.ಸಿ., ಅಂದರೆ ಆಸ್ತಿಯ ಋಣಭಾರ ಪತ್ರ, ಹುಡುಕುವ ನೆಪದಲ್ಲಿ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ ಸುರಿದಿದ್ದರು. ಅದರ ಹಿಂದಿದ್ದದ್ದು 62 ಇಮೇಲ್ ಖಾತೆ, 14 ಐಪಿ ವಿಳಾಸ ಅಂತ ಆಗ ವರದಿಯಾಯಿತು. ಏನನ್ನೂ ಕದಿಯದೆ, ಬರೀ ಬಾಗಿಲಿಗೆ ಅಡ್ಡ ನಿಂತು ರಾಜ್ಯದ ಆಸ್ತಿ ನೋಂದಣಿಯನ್ನು ಕಟ್ಟಿಹಾಕಿದರು ನೋಡು. ಮಗಳ ಮದುವೆಗೆ ಜಮೀನು ಮಾರಲು ಹೋದವನಿಗೆ ಡಿಡಾಸ್ ಅಂದರೇನು ಗೊತ್ತು? ಅವನಿಗೆ ಗೊತ್ತಿರುವುದು ಮುಹೂರ್ತ ತಪ್ಪಿತು ಅನ್ನುವುದು.

ನೀರಿಗೂ ಈ ಬಾಧೆ ತಪ್ಪಿಲ್ಲ. 2025ರ ಏಪ್ರಿಲ್‌ನಲ್ಲಿ ನಾರ್ವೆ ದೇಶದ ಬ್ರೆಮಾಂಗರ್ ಎಂಬಲ್ಲಿ ಯಾರೋ ದೂರದಿಂದಲೇ ಒಂದು ಅಣೆಕಟ್ಟಿನ ತೂಬು ತೆಗೆದರು. ಯಾರ ಗಮನಕ್ಕೂ ಬರುವ ಮೊದಲು ನಾಲ್ಕು ಗಂಟೆ ನೀರು ಹರಿಯಿತು. ಸೆಕೆಂಡಿಗೆ ಸುಮಾರು 500 ಲೀಟರ್, ನಮ್ಮ ಮಂಡ್ಯದ ಲೆಕ್ಕದಲ್ಲಿ ಹದಿನೇಳು ಹದಿನೆಂಟು ಕ್ಯುಸೆಕ್. ಜೀವಹಾನಿ ಆಗಲಿಲ್ಲ. ರಷ್ಯಾ ಪರ ಗುಂಪಿನ ಕೆಲಸ ಅಂತ ಆ ದೇಶ ಹೇಳಿತು. ಕನ್ನಂಬಾಡಿ ಇರುವ ಜಿಲ್ಲೆಯವಳು ಈ ಸುದ್ದಿಯನ್ನು ಎರಡು ಸಲ ಓದಬೇಕು.

ಈಗ ನಿನ್ನ ಕೆಲಸದಲ್ಲಿ ಅತಿ ಕಷ್ಟದ ಮಾತಿಗೆ ಬರುತ್ತೇನೆ. ದಾಳಿ ಹಿಡಿಯುವುದು ಕಲಿತರೆ ಬರುತ್ತದೆ. ಹಿಡಿದದ್ದನ್ನು ಹೊತ್ತಿಗೆ ಸರಿಯಾಗಿ ಹೇಳುವುದಕ್ಕೆ ಗುಂಡಿಗೆ ಬೇಕು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಕಂಪ್ಯೂಟರುಗಳ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಎಲ್ಲ ಗಡಿಯಾರಗಳೂ ಎನ್‌ಐಸಿ ಇಲ್ಲವೇ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು. ಗಡಿಯಾರದ ನಿಯಮ ಚಿಲ್ಲರೆ ವಿಷಯ ಅನ್ನಿಸಬಹುದು. ಹತ್ತು ಮಿಷನ್ ಹತ್ತು ಸಮಯ ತೋರಿಸಿದರೆ ಕಳ್ಳ ಯಾವ ಬಾಗಿಲಿಂದ ಯಾವ ಬಾಗಿಲಿಗೆ ಹೋದ ಅಂತ ಜಾಡು ಹಿಡಿಯಲಾಗದು. ಚಿಲ್ಲರೆ ಅನ್ನಿಸಿದ ನಿಯಮಗಳಲ್ಲೇ ಅನುಭವಸ್ಥರ ಬೆವರು ಇರುತ್ತದೆ, ತಿಳಿದಿರಲಿ.

ಆರು ಗಂಟೆ ಯಾಕೆ ತಪ್ಪುತ್ತದೆ ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಫೋನು ಕೆಟ್ಟರೆ 198ಕ್ಕೆ ದೂರು. ದೂರು ಜಾಸ್ತಿ ಆದ ವಿಭಾಗದವರಿಗೆ ಮೀಟಿಂಗಿನಲ್ಲಿ ಮಂಗಳಾರತಿ. ಅದರ ಪರಿಣಾಮ ಏನು ಗೊತ್ತೇ? ಕೇಬಲ್ ಸರಿಯಾಗುವ ಬದಲು ದೂರು ಬರೆದುಕೊಳ್ಳುವುದು ಕಡಿಮೆಯಾಗುತ್ತಿತ್ತು. ಹೇಳಿದವನನ್ನು ಹಿಡಿದು ಬಯ್ಯುವ ಜಾಗದಲ್ಲಿ ಯಾವ ನೀತಿಯೂ ನಡೆಯದು. ನಿನಗೆ ಅನುಮಾನ ಬಂದ ಕೂಡಲೇ ಹೊತ್ತು ಬರೆದಿಡು, ಕಂಡದ್ದು ಬರೆದಿಡು, ಮೇಲಿನವರಿಗೆ ಬರಹದಲ್ಲೇ ತಿಳಿಸು. ‘ಖಾತ್ರಿ ಮಾಡ್ಕೊಂಡು ಹೇಳೋಣ’ ಅನ್ನುತ್ತಾ ಕೂತರೆ ಖಾತ್ರಿಯಾಗುವ ಹೊತ್ತಿಗೆ ಊರೆಲ್ಲ ಹೊತ್ತಿರುತ್ತದೆ. ಅನುಮಾನ ಸುಳ್ಳಾದರೆ ನಷ್ಟ ಅರ್ಧ ದಿನ, ನಿಜವಾದರೆ ಉಳಿದದ್ದು ಒಂದು ನಿಲ್ದಾಣ. ನಾಳೆ ನಿನ್ನ ಕೈಕೆಳಗೆ ನಾಲ್ಕು ಜನ ಬಂದಾಗ, ‘ಮೇಡಂ, ನಾನೇ ಆ ಲಿಂಕ್ ಒತ್ತಿಬಿಟ್ಟೆ’ ಅಂತ ಬಂದು ಹೇಳಿದ ಹುಡುಗನಿಗೆ ಮೊದಲು ಒಂದು ಲೋಟ ನೀರು ಕೊಡು. ಅವನು ಹೇಳಿದ್ದರಿಂದ ನಿನಗೆ ಆರು ಗಂಟೆ ಪೂರ್ತಿಯಾಗಿ ಸಿಕ್ಕಿತು. ಅವನನ್ನು ಎಲ್ಲರ ಮುಂದೆ ಹರಾಜು ಹಾಕಿದರೆ ಮುಂದಿನವನು ಬಾಯಿ ಬಿಡುವುದಿಲ್ಲ.

ಕಡೆಯದಾಗಿ, ಯಾವ ನೀತಿಯಲ್ಲೂ ಹೆಸರಿಲ್ಲದ ನಮ್ಮ ಜನರ ವಿಚಾರ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರಲ್ಲಿ, ಲಗೇಜು ಹೊರುವವರಲ್ಲಿ, ಕಾವಲು ಕಾಯುವವರಲ್ಲಿ ನಮ್ಮ ಮದ್ದೂರು, ಮಳವಳ್ಳಿ ಹುಡುಗರು ಎಷ್ಟೋ ಜನ. ಒಳಗಿನ ಪಾಸ್ ಕೊರಳಲ್ಲಿರುವವನ ಮೊಬೈಲಿಗೆ ಕನ್ನ ಬಿದ್ದರೆ ಅದು ನಿಲ್ದಾಣಕ್ಕೆ ಬಿದ್ದ ಕನ್ನವೇ. ಅವರಿಗೆ ಕೊಡುವ ಸೂಚನೆ ಇಂಗ್ಲಿಷಿನ ಹದಿನೈದು ಪುಟದ ಪಿಡಿಎಫ್ ಆಗಿದ್ದರೆ ಓದುವವರು ಯಾರು? ಒಂದು ಪುಟದಲ್ಲಿ, ಕನ್ನಡದಲ್ಲಿ, ಅವರು ಮಾತಾಡುವ ಮಾತಿನಲ್ಲಿ ಬರೆದುಕೊಡು. ಪಾಸಿನ ಫೋಟೊ ಸ್ಟೇಟಸ್‌ಗೆ ಹಾಕಬೇಡಿ, ಸಿಕ್ಕಿದ ಪೆನ್‌ಡ್ರೈವ್ ಕಂಪ್ಯೂಟರಿಗೆ ಚುಚ್ಚಬೇಡಿ, ಯಾರೇ ಕೇಳಿದರೂ ಒಟಿಪಿ ಹೇಳಬೇಡಿ, ಅನುಮಾನ ಬಂದರೆ ಈ ನಂಬರಿಗೆ ಫೋನ್ ಮಾಡಿ. ಇಷ್ಟು ಸಾಕು.

ಪ್ರಯಾಣಿಕರನ್ನೂ ಮರೆಯಬೇಡ. 2024ರಲ್ಲಿ ವಿಮಾನ ನಿಲ್ದಾಣಗಳಲ್ಲಿ ‘ಲೌಂಜ್ ಪಾಸ್’ ಎಂಬ ನಕಲಿ ಆ್ಯಪ್ ಹಾಕಿಸಿ, ಮೊಬೈಲಿಗೆ ಬರುವ ಎಸ್‌ಎಂಎಸ್ ಕದ್ದು ಹಣ ಲಪಟಾಯಿಸಿದರು. ಬೆಂಗಳೂರಿನ ನಿಲ್ದಾಣದಲ್ಲಿ ಒಬ್ಬ ಮಹಿಳೆ 87 ಸಾವಿರ ರೂಪಾಯಿ ಕಳೆದುಕೊಂಡ ಸುದ್ದಿ ಎಲ್ಲೆಡೆ ಹಬ್ಬಿತ್ತು. ಕೌಂಟರು, ಸರ್ವರು ಎಲ್ಲ ಭದ್ರವಾಗಿದ್ದರೂ ಕಾಫಿ ಕುಡಿಯಲು ಹೋದವರ ಜೇಬು ಖಾಲಿಯಾಯಿತು. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶವಿದೆ. ಈ ನಾಲ್ಕು ಅಂಕಿ ನಮ್ಮ ಊರಿನ ಎಷ್ಟು ಮನೆಗೆ ಗೊತ್ತು? ಏರ್‌ಪೋರ್ಟಿನಲ್ಲಿ ಕೆಲಸ ಕೊಡಿಸುತ್ತೇವೆ, ಮೊದಲು ಡಿಪಾಸಿಟ್ ಕಟ್ಟಿ ಅನ್ನುವ ಫೋನು ನಂಬಿ ಸಾಲ ಮಾಡಿ ಹಣ ಕಳಿಸುವವರೂ ಇದ್ದಾರೆ. ಅವರಿಗೆಲ್ಲ ನೀನು ಈಗ ‘ಏರ್‌ಪೋರ್ಟಿನ ಕೆಲಸದವಳು’. ನೀನು ಹೇಳಿದರೆ ಕೇಳುತ್ತಾರೆ. ಪೊಲೀಸರ ಪೋಸ್ಟರ್ ಹೇಳಿದರೆ ಹಾಯ್ದು ಹೋಗುತ್ತಾರೆ.

ಹಬ್ಬಕ್ಕೆ ಬಂದಾಗ ಒಂದು ಬೆಳಗ್ಗೆ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಬಾ. ಹೆಣ್ಣುಮಕ್ಕಳ ಸಂಘದವರಿಗೆ, ಡ್ರೈವರ್ ಹುಡುಗರಿಗೆ, ಪಂಚಾಯಿತಿ ಕಂಪ್ಯೂಟರ್ ಆಪರೇಟರಿಗೆ ನಾನು ಹೇಳಿ ಕಳಿಸುತ್ತೇನೆ. ಲ್ಯಾಪ್‌ಟಾಪ್, ಸ್ಲೈಡು ಏನೂ ತರಬೇಡ. ಅವರವರ ಮೊಬೈಲ್ ಅವರವರ ಕೈಯಲ್ಲಿರಲಿ. 1930 ಸೇವ್ ಮಾಡಿಸು, ಎರಡನೇ ಹಂತದ ಪಾಸ್‌ವರ್ಡ್ ಹಾಕಿಸು, ಜೆಸಿಬಿಯವರಿಗೆ ಅಗೆಯುವ ಮೊದಲು ತಿಳಿಸುವ ಆ ಆ್ಯಪ್ ಇಳಿಸಿಕೊಡು. ಅವರು ಕೇಳುವ ಪ್ರಶ್ನೆಗಳನ್ನು ಮಾತ್ರ ಬರೆದುಕೊಂಡು ವಾಪಸು ಹೋಗು. ನಿಮ್ಮ ಕಂಪನಿಯ ನೀತಿಯನ್ನು ಮುಂದಿನ ಸಲ ತಿದ್ದುವಾಗ ಆ ಪ್ರಶ್ನೆಗಳು ಮೀಟಿಂಗಿನ ಮೇಜಿನ ಮೇಲಿರಲಿ.